ಹುಣಸೆ ಮರದ ಕೆಳಗಿನ ಪಿಕಪ್: ಬಿಚ್ಚಿ ಮಾರುವುದೋ, ಇಡಿಯಾಗಿ ಗುಜರಿಗೆ ಕೊಡುವುದೋ?

ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ ಚಿಕ್ಕಪ್ಪನ ಬೊಲೆರೊ ಪಿಕಪ್ ಹುಣಸೆ ಮರದ ಕೆಳಗೆ ನಿಂತಲ್ಲೇ ನಿಂತು ಎರಡು ವರ್ಷವಾಗಿತ್ತು. 2006ರ ಗಾಡಿ. ಎಪಿಎಂಸಿ ಹರಾಜಿನ ದಿನ ಕೊಬ್ಬರಿ ಚೀಲ, ಉಳಿದ ದಿನ ಗೊಬ್ಬರ, ಹಿಂಡಿ, ಮದುವೆ ಮನೆಯ ಪಾತ್ರೆ, ಹೀಗೆ ಹದಿನೈದು ವರ್ಷ ಹೊತ್ತು ಮನೆ ನಡೆಸಿದ ಗಾಡಿ. ಮೊದಲು ಕ್ಲಚ್ ಹೋಯಿತು, ಆಮೇಲೆ ರೇಡಿಯೇಟರ್ ಸೋರಿತು, ಕೊನೆಗೊಂದು ದಿನ ಎಂಜಿನ್ ಕಾದು ಹೆಡ್ ಬಿರುಕು ಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದು ಮರದ ಕೆಳಗೆ ನಿಲ್ಲಿಸಿದರು. ಕೋಳಿಗಳು ಕ್ಯಾಬಿನ್ನಿನೊಳಗೆ ಮೊಟ್ಟೆಯಿಡಲು ಶುರುಮಾಡಿದವು.

ನಿಂತ ಗಾಡಿಗೆ ಬೆಲೆ ಹೇಳುವವರು ತಾವಾಗಿಯೇ ಬರುತ್ತಾರೆ. ಒಬ್ಬ ಗುಜರಿಯವನು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಇಪ್ಪತ್ತೈದು ಸಾವ್ರ ಅಣ್ಣ, ಈಗ್ಲೇ ಎಣಿಸ್ತೀನಿ, ಬುಕ್ಕು ಗಿಕ್ಕು ಏನೂ ಬೇಡ" ಎಂದ. ಊರಿನ ಮೇಸ್ತ್ರಿ ಅದನ್ನು ಕೇಳಿಸಿಕೊಂಡು, "ಇಪ್ಪತ್ತೈದಕ್ಕೆ ಕೊಡ್ತೀರಾ? ಬಿಚ್ಚಿ ಮಾರಿದ್ರೆ ಎಂಬತ್ತು ಎಲ್ಲೂ ಹೋಗಲ್ಲ" ಎಂದರು. ಚಿಕ್ಕಪ್ಪ ಬೆಂಗಳೂರಿನಲ್ಲಿದ್ದ ನನಗೆ ಫೋನ್ ಮಾಡಿ, "ಏನು ಮಾಡಣ ಹೇಳಪ್ಪ" ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾಲ್ಕು ತಿಂಗಳು ಕಳೆಯಿತು. ಎಷ್ಟೋ ಮನೆಗಳ ಹಿಂದೆ, ತೋಟದ ಮೂಲೆಯಲ್ಲಿ, ಅಂಗಡಿಯ ಪಕ್ಕದಲ್ಲಿ ಇಂಥದೇ ಒಂದು ಪಿಕಪ್, ಟಾಟಾ 207 ಅಥವಾ ಏಸ್ ನಿಂತಿದೆ. ಅವರಿಗೆ ನಮ್ಮ ನಾಲ್ಕು ತಿಂಗಳು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಇಪ್ಪತ್ತೈದು ಹೆಚ್ಚೋ ಎಂಬತ್ತು ಹೆಚ್ಚೋ ಎಂಬಲ್ಲಿಂದ ಲೆಕ್ಕ ಶುರುಮಾಡಬೇಡಿ. ಆರ್‌ಸಿ ಬುಕ್ಕಿನಿಂದ ಶುರುಮಾಡಿ. ಕಬ್ಬಿಣದ ಲೆಕ್ಕ ತಪ್ಪಿದರೆ ಹೋಗುವುದು ಕೆಲವು ಸಾವಿರ. ಕಾಗದದ ಲೆಕ್ಕ ತಪ್ಪಿದರೆ ಹೋಗುವುದು ಲಕ್ಷಗಳಲ್ಲಿ, ಅದೂ ಗಾಡಿ ಕಣ್ಣಿಂದ ಮರೆಯಾಗಿ ಎಷ್ಟೋ ವರ್ಷದ ಮೇಲೆ.

ಬುಕ್ಕಿನಲ್ಲಿ ಯಾರ ಹೆಸರಿದೆ

"ಬುಕ್ಕು ಬೇಡ" ಎನ್ನುವ ಮಾತು ಕೇಳಲು ಹಗುರ. ಹಾಗೆ ಕೊಟ್ಟ ಗಾಡಿ ನಾಳೆ ಏನಾಗುತ್ತದೆ ಎಂದು ಯೋಚಿಸಿ. ಅವನು ಅದನ್ನು ಕಟ್ಟಿಂಗ್ ಮಾಡಿ ಕರಗಿಸಲು ಕಳಿಸಿದರೆ ಸರಿ. ಆದರೆ ಹೆಡ್ ಬದಲಾಯಿಸಿ, ಬಣ್ಣ ಬಳಿದು, ನಾಲ್ಕು ಜಿಲ್ಲೆ ಆಚೆ ಇಟ್ಟಿಗೆ ಗೂಡಿಗೋ ಕ್ವಾರಿಗೋ ಮಾರಿದರೆ? ಅಲ್ಲಿ ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ಬುಕ್ಕಿನಲ್ಲಿ ಹೆಸರಿರುವವರ ಮನೆಗೆ. ಇದು ನನ್ನ ಹೆದರಿಕೆಯ ಮಾತಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಒಬ್ಬರು ಮಾರಿದ ಕಾರು ಕೈಯಿಂದ ಕೈಗೆ ಹೋಗಿ ಅಪಘಾತ ಮಾಡಿತ್ತು, ಹೆಸರು ಮಾತ್ರ ವರ್ಗಾವಣೆಯಾಗಿರಲಿಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ವಿಮೆಯಿಲ್ಲದ ಗುಜರಿ ಗಾಡಿಯ ವಿಷಯದಲ್ಲಿ ಆ ಪರಿಹಾರ ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗಬೇಕು.

ಇನ್ನೊಂದು ಅಪಾಯವೂ ಇದೆ. ಕದ್ದ ಗಾಡಿ ಮಾರುವವರಿಗೆ ಬೇಕಾಗುವುದು ಇನ್ನೂ ಜೀವಂತವಾಗಿರುವ ಒಂದು ನಂಬರು. ಹಳೆಯ ಗಾಡಿಯ ನಂಬರ್ ಪ್ಲೇಟು, ಚಾಸಿ ನಂಬರಿನ ತುಂಡು, ಆರ್‌ಸಿ ಮೂರೂ ಸಿಕ್ಕರೆ ಕದ್ದ ಗಾಡಿಗೆ ಹೊಸ ಜಾತಕ ಸಿಕ್ಕಂತೆ. ಉತ್ತರಪ್ರದೇಶದ ಮೇರಠ್‌ನ ಸೋತಿಗಂಜ್ ಒಂದು ಕಾಲಕ್ಕೆ ಹಳೆಯ ಬಿಡಿಭಾಗಗಳಿಗೆ ದೇಶದಲ್ಲೇ ದೊಡ್ಡ ಹೆಸರು. ಕದ್ದ ವಾಹನಗಳನ್ನು ಅಲ್ಲಿ ಬಿಚ್ಚುತ್ತಿದ್ದರೆಂದು 2021ರಲ್ಲಿ ಪೊಲೀಸರು ಆ ಮಾರುಕಟ್ಟೆಯ ಬಾಗಿಲು ಹಾಕಿಸಿದರು.

ಮೋಟಾರು ವಾಹನ ಕಾಯ್ದೆ, 1988ರ 55ನೇ ಸೆಕ್ಷನ್ ಈ ವಿಷಯದಲ್ಲಿ ನೇರವಾಗಿದೆ. ಗಾಡಿ ನಾಶವಾಗಿದ್ದರೆ ಅಥವಾ ಇನ್ನೆಂದೂ ಓಡದ ಸ್ಥಿತಿಗೆ ಬಂದಿದ್ದರೆ ಮಾಲೀಕ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು, ನೋಂದಣಿ ರದ್ದಾಗಬೇಕು. ಬಿಚ್ಚಿ ಮಾರುವವರಿಗೂ ಇಡಿಯಾಗಿ ಕೊಡುವವರಿಗೂ ಇದು ಒಂದೇ. ಮೇಸ್ತ್ರಿಯ ಎಂಬತ್ತು ಸಾವಿರದ ಲೆಕ್ಕದಲ್ಲಿ ಈ ಸಾಲು ಇರಲಿಲ್ಲ.

ನಮ್ಮ ಆರ್‌ಸಿ ತೆಗೆದು ನೋಡಿದಾಗ ಇನ್ನೊಂದು ಗಂಟು ಕಂಡಿತು. ಗಾಡಿಯ ಸಾಲ ತೀರಿ ಹನ್ನೆರಡು ವರ್ಷದ ಮೇಲಾಗಿತ್ತು. ಬುಕ್ಕಿನಲ್ಲಿ ಮಾತ್ರ ಫೈನಾನ್ಸ್‌ನವರ ಹೆಸರು ಹಾಗೆಯೇ ಕೂತಿತ್ತು. ಎಚ್‌ಪಿ, ಅಂದರೆ ಆ ಸಾಲದ ನಮೂದು, ತೆಗೆಸದೆ ಗಾಡಿಯನ್ನು ಮಾರುವಂತೆಯೂ ಇಲ್ಲ, ಗುಜರಿಗೆ ಕೊಡುವಂತೆಯೂ ಇಲ್ಲ. ಫೈನಾನ್ಸ್ ಕಚೇರಿಯಿಂದ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ತರಿಸಲು ಆರು ವಾರ ಬೇಕಾಯಿತು. ಕೊನೆಯ ಕಂತು ಕಟ್ಟಿದ ರಸೀದಿಯನ್ನು ಚಿಕ್ಕಮ್ಮ ಟ್ರಂಕಿನಲ್ಲಿ ಎತ್ತಿಟ್ಟಿದ್ದರು. ಅದು ಸಿಗದಿದ್ದರೆ ಆರು ವಾರ ಆರು ತಿಂಗಳಾಗುತ್ತಿತ್ತು. ನಿಮ್ಮ ಗಾಡಿ ತೀರಿಕೊಂಡ ಅಪ್ಪನ ಅಥವಾ ಅಣ್ಣನ ಹೆಸರಿನಲ್ಲಿದ್ದರೆ ಮರಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವನ್ನೂ ಕೂಡಿಸಬೇಕು. ಹಳೆಯ ದಂಡದ ಚಲನ್, ತೆರಿಗೆ ಬಾಕಿ ಇದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರು ಹಾಕಿ ನೋಡಿ. ಗಾಡಿ ಇನ್ನೂ ಕೆಲವು ತಿಂಗಳು ನಿಲ್ಲುವುದಾದರೆ ಓಡಿಸುತ್ತಿಲ್ಲವೆಂದು ಆರ್‌ಟಿಓಗೆ ಬರಹದಲ್ಲಿ ಕೊಡಿ. ಯಾರಿಗೂ ತಿಳಿಸದೆ ಸುಮ್ಮನೆ ನಿಲ್ಲಿಸಿದ ಗಾಡಿಯ ತೆರಿಗೆ ತಾನಾಗಿ ನಿಲ್ಲುವುದಿಲ್ಲ.

ಹದಿನೈದು ವರ್ಷದ ಮಾತು

ಚಿಕ್ಕಪ್ಪನ ತಲೆಯಲ್ಲಿ ಒಂದು ತಪ್ಪು ತಿಳಿವಳಿಕೆ ಕೂತಿತ್ತು: ಹದಿನೈದು ವರ್ಷವಾದ ಗಾಡಿಯನ್ನು ಸರ್ಕಾರವೇ ಗುಜರಿಗೆ ಹಾಕಿಸುತ್ತದೆ ಎಂದು. ದೆಹಲಿ ಸುತ್ತಮುತ್ತ 10 ವರ್ಷದ ಡೀಸೆಲ್ ಮತ್ತು 15 ವರ್ಷದ ಪೆಟ್ರೋಲ್ ವಾಹನಗಳ ಬಗ್ಗೆ ಆದ ಕೋರ್ಟ್ ಆದೇಶಗಳ ಸುದ್ದಿ ಓದಿ ಇಲ್ಲಿ ಹಾಗೆ ತಿಳಿದವರು ಬಹಳ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇನ್ನೊಂದು ನಿಯಮ ಸರ್ಕಾರಿ ವಾಹನಗಳಿಗೆ ಮಾತ್ರ ಸಂಬಂಧಿಸಿದ್ದು. ಹದಿನೈದು ವರ್ಷ ಮೀರಿದ ಸರ್ಕಾರಿ ಗಾಡಿಯ ನೋಂದಣಿ ನವೀಕರಣ ಆಗುವುದಿಲ್ಲ. ರೈತರ, ವ್ಯಾಪಾರಿಗಳ ಸ್ವಂತ ಪಿಕಪ್ಪಿಗೆ ನಮ್ಮಲ್ಲಿ ವಯಸ್ಸೊಂದೇ ಶತ್ರುವಲ್ಲ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪಾಸಾಗುವವರೆಗೆ ಅದು ಓಡಬಹುದು.

ಆದರೆ ಎಫ್‌ಸಿಯೇ ಈಗ ದುಬಾರಿ. ಬಾಡಿಗೆ ಗಾಡಿಗೆ, ಅಂದರೆ ಹಳದಿ ಬೋರ್ಡಿಗೆ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ 15 ವರ್ಷ ಮೀರಿದ ಲಘು ಸಾರಿಗೆ ವಾಹನದ ಎಫ್‌ಸಿ ನವೀಕರಣಕ್ಕೆ 7,500 ರೂಪಾಯಿ ನಿಗದಿ ಮಾಡಿತು. ಎಫ್‌ಸಿ ಮುಗಿದ ಮೇಲಿನ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಎಂದೂ ಅದರಲ್ಲಿತ್ತು. ಒಂದು ವರ್ಷಕ್ಕೆ ಅದೇ 18,250 ರೂಪಾಯಿ. ಎರಡು ವರ್ಷ ಮರದ ಕೆಳಗೆ ನಿಂತ ಗಾಡಿಯನ್ನು ರಸ್ತೆಗೆ ತರಬೇಕೆಂದರೆ ಈ ಲೆಕ್ಕದಲ್ಲಿ 36,500 ರೂಪಾಯಿ ಬರೀ ತಡದ ಶುಲ್ಕ. ಗಾಡಿಯ ಕಬ್ಬಿಣಕ್ಕೆ ಸಿಗುವುದಕ್ಕಿಂತ ಅದೇ ಹೆಚ್ಚಾದೀತು. ಶುಲ್ಕಗಳು ಆಗಾಗ ಬದಲಾಗುತ್ತವೆ. ಹಣ ಹೊಂದಿಸುವ ಮೊದಲು ಈ ದಿನದ ದರ ನೋಡಿಕೊಳ್ಳಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಎಂಜಿನ್ ಚೆನ್ನಾಗಿದ್ದು, ಎಫ್‌ಸಿ ಇನ್ನೂ ಜೀವಂತವಿದ್ದರೆ ಬಿಚ್ಚುವ ಮಾತೂ ಬೇಡ, ಗುಜರಿಯ ಮಾತೂ ಬೇಡ. ಓಡುವ ಗಾಡಿಯಾಗಿಯೇ ಮಾರಿ. ಫಾರಂ 29, 30ಕ್ಕೆ ಸಹಿ ಹಾಕಿ, ಹೆಸರು ವರ್ಗಾವಣೆಯಾದದ್ದನ್ನು ಕಣ್ಣಾರೆ ನೋಡಿ ಬಿಡಿ. ಎಫ್‌ಸಿ ಮುಗಿದು ತಿಂಗಳುಗಳಾಗಿ, ಎಂಜಿನ್ನೂ ಕೈಕೊಟ್ಟಿದ್ದರೆ ಮಾತ್ರ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ಚಾಸಿಯ ಕೆಳಗೆ ಮಲಗಿ ನೋಡಿ

ಗಾಡಿಯ ನಿಜವಾದ ಸ್ಥಿತಿ ಬಾನೆಟ್ ತೆಗೆದರೆ ಕಾಣುವುದಿಲ್ಲ, ಕೆಳಗೆ ಮಲಗಿದರೆ ಕಾಣುತ್ತದೆ. ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಎರಡೂ ತೊಲೆಗಳನ್ನು ಉದ್ದಕ್ಕೂ ತಟ್ಟಿಕೊಂಡು ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಕೂಡುವ ಜಾಗ ಮತ್ತು ಹಿಂದಿನ ಬಾಡಿಯ ಬೋಲ್ಟುಗಳ ಸುತ್ತ, ಈ ಎರಡು ಕಡೆ ಹೆಚ್ಚು ಗಮನ ಬೇಕು. ತಿಪಟೂರು, ಚಿತ್ರದುರ್ಗದಂಥ ಒಣ ಸೀಮೆಯ ಗಾಡಿಗಳ ಚಾಸಿ ಇಪ್ಪತ್ತು ವರ್ಷವಾದರೂ ಗಟ್ಟಿಯಾಗಿರುವುದುಂಟು. ಮಲ್ಪೆ, ಮಂಗಳೂರಿನಲ್ಲಿ ಮೀನು ಹೊತ್ತ ಪಿಕಪ್ಪಿನ ಕತೆಯೇ ಬೇರೆ. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಚಾಸಿಗೆ ಇಳಿದಿಳಿದು ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಟೊಳ್ಳಾಗಿರುತ್ತದೆ. ಕರಾವಳಿಯ ಗಾಡಿಯಲ್ಲಿ ಬಾಡಿ, ಬಾಗಿಲು, ಕ್ಯಾಬಿನ್ನಿಗೆ ಬಿಡಿಭಾಗದ ಬೆಲೆ ನಿರೀಕ್ಷಿಸಬೇಡಿ. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನಂಥ ಎಣ್ಣೆಯೊಳಗೆ ತಿರುಗುವ ಭಾಗಗಳಿಗೆ ಮಾತ್ರ ಬೆಲೆ.

ಹಳೆಯ ಪಿಕಪ್ಪಿನ ಯಾವ ಭಾಗಕ್ಕೆ ಕೇಳುವವರಿದ್ದಾರೆ? ನಾನು ತುಮಕೂರಿನ ಎರಡು ಅಂಗಡಿ, ಬೆಂಗಳೂರಿನ ಶಿವಾಜಿನಗರದ ಮೂರು ಅಂಗಡಿ ಸುತ್ತಿ ಕಲಿತದ್ದು ಇದು. ರಸ್ತೆಯಲ್ಲಿ ಇನ್ನೂ ಹೆಚ್ಚು ಓಡುತ್ತಿರುವ ಮಾಡೆಲ್ಲಿನ ಭಾಗಕ್ಕೆ ಮಾತ್ರ ಗಿರಾಕಿ. ಬೊಲೆರೊ, ಟಾಟಾ 407, ಏಸ್ ಇವುಗಳಿಗೆ ಇದ್ದಾರೆ. ಕಂಪನಿ ಮಾಡುವುದನ್ನೇ ನಿಲ್ಲಿಸಿ, ಊರಿಗೊಂದು ಉಳಿದಿರುವ ಮಾಡೆಲ್ಲಾದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಗಿರಾಕಿಗಾಗಿ ವರ್ಷಗಟ್ಟಲೆ ಕಾಯಬೇಕು. ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್, ಸ್ಟೀರಿಂಗ್ ಬಾಕ್ಸ್, ಡೀಸೆಲ್ ಪಂಪು, ಸ್ಟಾರ್ಟರ್, ಆಲ್ಟರ್ನೇಟರ್ ಬೇಗ ಹೋಗುತ್ತವೆ. ಸೀಟು, ಡ್ಯಾಶ್‌ಬೋರ್ಡ್, ವೈರಿಂಗ್ ಯಾರಿಗೂ ಬೇಡ. ಹಳೆಯ ರೇಡಿಯೇಟರ್ ತಾಮ್ರ-ಹಿತ್ತಾಳೆಯದಾದರೆ ಸೋರುತ್ತಿದ್ದರೂ ತೂಕಕ್ಕೆ ಬೆಲೆಯಿದೆ. ಅದನ್ನು ಕಬ್ಬಿಣದ ತಕ್ಕಡಿಗೆ ಹಾಕಲು ಬಿಡಬೇಡಿ. ದೇಶದಾದ್ಯಂತ 2017ರಿಂದ ಬಂದ ಬಿಎಸ್ 4 ಗಾಡಿ ನಿಮ್ಮದಾಗಿದ್ದರೆ ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೇಳಿ ತಿಳಿದುಕೊಳ್ಳಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂನಂಥ ಬೆಲೆಬಾಳುವ ಲೋಹದ ಲೇಪ ಇರುತ್ತದೆ. ಗುಜರಿಯವರು ಅದರ ಮಾತೆತ್ತದೆ ಇಡೀ ಗಾಡಿಗೆ ಬೆಲೆ ಹೇಳುತ್ತಾರೆ.

ಹಳ್ಳಿಯಲ್ಲಿ ಪಟ್ಟಿಗೆ ಇರುವ ಗೌರವವನ್ನು ಪೇಟೆಯವರು ಅರಿಯರು. ಪಟ್ಟಿಯ ಉಕ್ಕು ಬಾಗಿ ಮತ್ತೆ ನೆಟ್ಟಗಾಗುವ ಜಾತಿಯದು. ಕಮ್ಮಾರರು ಅದನ್ನು ಕಾಸಿ ತಟ್ಟಿ ಮಚ್ಚು, ಕುಡುಗೋಲು ಮಾಡಿದರೆ ಬಾಯಿ ಬೇಗ ಮೊಂಡಾಗುವುದಿಲ್ಲ. ಹಿಂದಿನ ಆಕ್ಸಲ್ಲು ಚಕ್ರ ಸಮೇತ ಟೈರು ಗಾಡಿಗೆ ಹೋಗುತ್ತದೆ. ಮಂಡ್ಯದ ಕಡೆ ಕಬ್ಬು ಹೊರುವ ಎತ್ತಿನ ಗಾಡಿಗಳ ಕೆಳಗೆ ಬಗ್ಗಿ ನೋಡಿದರೆ ಹಳೆಯ ವಾಹನಗಳ ಆಕ್ಸಲ್ಲುಗಳೇ ಕಾಣುತ್ತವೆ.

ಚೀಟಿಯ ಮೇಲಿನ ಲೆಕ್ಕ

ಈಗ ಎಂಬತ್ತು ಸಾವಿರಕ್ಕೆ ಬರೋಣ. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಅಂಗಡಿಯವರು ಆ ಭಾಗಗಳನ್ನು ಮಾರುವ ಬೆಲೆ ಕೂಡಿಸಿದರೆ ಎಂಬತ್ತು ದಾಟುತ್ತಿತ್ತು. ಅಂಗಡಿಯವರು ನಿಮ್ಮಿಂದ ಕೊಳ್ಳುವ ಬೆಲೆಯೇ ಬೇರೆ, ಹೆಚ್ಚು ಕಡಿಮೆ ಅದರ ಅರ್ಧ. ನಮಗೆ ಸಿಕ್ಕ ಬೆಲೆಗಳನ್ನು ಒಂದು ಚೀಟಿಯಲ್ಲಿ ಬರೆದೆ. ಗೇರ್‌ಬಾಕ್ಸಿಗೆ 9,000, ಹಿಂದಿನ ಹೌಸಿಂಗ್ ಪೂರ್ತಿ 8,000, ಸ್ಟೀರಿಂಗ್ ಬಾಕ್ಸ್ 2,500, ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಸೇರಿ 3,000, ಎರಡು ಬಾಗಿಲಿಗೆ 4,000, ಹಿಂದಿನ ಬಾಡಿಗೆ 6,000, ಟೈರು ಸ್ಟೆಪ್ನಿ ಸೇರಿ 7,000, ಬ್ಯಾಟರಿ, ಟಾರ್ಪಾಲಿನ್, ಅದರ ಕಮಾನುಗಳು, ಜಾಕಿಗೆ 4,500. ಒಟ್ಟು 44,000. ಬಿರುಕು ಬಿಟ್ಟ ಎಂಜಿನ್ ಸೇರಿ ಉಳಿಯುವ ಕಬ್ಬಿಣ 800 ಕಿಲೋ ಎಂದುಕೊಂಡರೆ ಕಿಲೋಗೆ 22ರಂತೆ 17,600. ಎರಡೂ ಸೇರಿ 61,600. ಇದರಲ್ಲಿ ಮೇಸ್ತ್ರಿ ಮತ್ತು ಹುಡುಗನ ಆರು ದಿನದ ಕೂಲಿ 9,000, ಭಾಗಗಳನ್ನು ಬೆಂಗಳೂರಿಗೆ ಸಾಗಿಸುವ ಬಾಡಿಗೆ 5,000 ಕಳೆಯಿರಿ. ಕೈಗೆ ಉಳಿಯುವುದು 47,600. ಅದೂ ಎಲ್ಲ ಭಾಗವೂ ಮಾರಾಟವಾದರೆ, ತೆಗೆಯುವಾಗ ಒಂದು ಬೋಲ್ಟೂ ಮುರಿಯದಿದ್ದರೆ.

ಇನ್ನೊಂದು ಬದಿಗೆ, ಇಡಿಯಾಗಿ ಕೊಟ್ಟರೆ? ವೇಬ್ರಿಡ್ಜಿನಲ್ಲಿ ಗಾಡಿ 1,540 ಕಿಲೋ ತೂಗಿತು. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರದವರು ಕೊಟ್ಟ ದರ ಕಿಲೋಗೆ 22. ಅಲ್ಲಿಗೆ 33,880. ಟೈರುಗಳನ್ನು ಮೊದಲೇ ಮಾರಿ ಸವೆದ ಟೈರು ಹಾಕಿದ್ದೆವು, ಬ್ಯಾಟರಿ ಟಾರ್ಪಾಲಿನ್‌ಗಳನ್ನೂ ಬೇರೆ ಮಾರಿದೆವು. ಆ 11,500 ಸೇರಿ 45,380. ಗಾಡಿಯನ್ನು ಎಳೆದೊಯ್ಯುವ ಖರ್ಚು ಅವರದೇ.

ಎರಡಕ್ಕೂ ನಡುವಿನ ಅಂತರ 2,220 ರೂಪಾಯಿ. ಆ ಹಣಕ್ಕಾಗಿ ಆರು ದಿನ ಅಂಗಳದಲ್ಲಿ ಗ್ರೀಸು ಚೆಲ್ಲಿ, ಗೇರ್‌ಬಾಕ್ಸಿಗೆ ಗಿರಾಕಿ ಕಾಯುತ್ತಾ, ಕೊನೆಗೆ ಚಾಸಿಯನ್ನು ಯಾರಿಗೆ ಕೊಡುವುದೆಂದು ಹುಡುಕಬೇಕಿತ್ತು. ಇವು ನಮ್ಮ ಗಾಡಿಯ, ನಮ್ಮ ಸೀಮೆಯ ಬೆಲೆಗಳು. ನಿಮ್ಮಲ್ಲಿ ಬೇರೆ ಇರುತ್ತವೆ, ಕೂಡಿ ಕಳೆಯುವ ದಾರಿ ಮಾತ್ರ ಇದೇ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಬರೆದಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ದರ ಕೇಳಿ. ಕೇಂದ್ರ ಸರ್ಕಾರ 2021ರಲ್ಲಿ ವಾಹನ ಗುಜರಿ ನೀತಿ ಪ್ರಕಟಿಸುವಾಗ ಹಳೆಯ ಗಾಡಿಯ ಗುಜರಿ ಬೆಲೆ ಹೊಸ ಗಾಡಿಯ ಶೋರೂಮ್ ಬೆಲೆಯ ಸುಮಾರು ಶೇ 4ರಿಂದ 6ರಷ್ಟು ಇರುತ್ತದೆ ಎಂದಿತ್ತು. ಹೊಸ ಪಿಕಪ್ 9 ಲಕ್ಷವಾದರೆ 36ರಿಂದ 54 ಸಾವಿರ. ಅದು ಗ್ಯಾರಂಟಿ ಬೆಲೆಯಲ್ಲ, ಆದರೆ ನಿಮಗೆ ಹೇಳಿದ ಬೆಲೆ ಎಲ್ಲಿ ನಿಲ್ಲುತ್ತದೆಂದು ಅಳೆಯಲು ಸಾಕು. ನಮ್ಮ ಅಂಗಳಕ್ಕೆ ಬಂದವನ ಇಪ್ಪತ್ತೈದು ಸಾವಿರ ಈ ಅಳತೆಯಲ್ಲಿ ಬಹಳ ಕೆಳಗಿತ್ತು.

ಪ್ರಮಾಣಪತ್ರಕ್ಕೂ ಬೆಲೆಯಿದೆ, ಅದನ್ನು ಈ ಲೆಕ್ಕಕ್ಕೆ ಹಾಕಿಲ್ಲ. ನೋಂದಾಯಿತ ಕೇಂದ್ರ ಗಾಡಿ ಪಡೆದಾಗ ಠೇವಣಿ ಪ್ರಮಾಣಪತ್ರ ಕೊಡುತ್ತದೆ. ಸಿಒಡಿ ಎನ್ನುತ್ತಾರೆ. ಮುಂದೆ ಹೊಸ ಗಾಡಿ ಕೊಳ್ಳುವಾಗ ಅದನ್ನು ತೋರಿಸಿದರೆ ನೋಂದಣಿ ಶುಲ್ಕ ಮಾಫಿ, ರಸ್ತೆ ತೆರಿಗೆಯಲ್ಲಿ ಸಾರಿಗೆ ವಾಹನಕ್ಕೆ ಶೇ 15ರವರೆಗೆ, ಸ್ವಂತ ಬಳಕೆಯದಕ್ಕೆ ಶೇ 25ರವರೆಗೆ ರಿಯಾಯಿತಿ ಕೊಡಬಹುದೆಂದು ಕೇಂದ್ರದ ನಿಯಮ ಹೇಳುತ್ತದೆ. ಇದು ಗರಿಷ್ಠ ಮಿತಿ. ನಿಮ್ಮ ಗಾಡಿಗೆ ಎಷ್ಟು ಸಿಗುತ್ತದೆಂದು ಆರ್‌ಟಿಓದಲ್ಲಿ ಕೇಳಬೇಕು. ವಾಹನ ಕಂಪನಿಗಳೂ 2024ರ ಆಗಸ್ಟಿನಲ್ಲಿ ರಿಯಾಯಿತಿ ಕೊಡಲು ಒಪ್ಪಿದವು. 3.5 ಟನ್ನಿಗಿಂತ ಕಡಿಮೆಯ ಸರಕು ವಾಹನಕ್ಕೆ ಶೋರೂಮ್ ಬೆಲೆಯ ಶೇ 1.5, ಅಂದರೆ 9 ಲಕ್ಷದ ಗಾಡಿಗೆ 13,500 ರೂಪಾಯಿ. ಅದು ನಿಗದಿತ ಅವಧಿಯ ಕೊಡುಗೆ, ಈಗಲೂ ಇದೆಯೇ ಎಂದು ಡೀಲರ್ ಬಳಿ ವಿಚಾರಿಸಿ. ನೀವು ಹೊಸ ಗಾಡಿ ಕೊಳ್ಳದಿದ್ದರೆ ಪ್ರಮಾಣಪತ್ರವನ್ನು ಕೊಳ್ಳುವವರಿಗೆ ವರ್ಗಾಯಿಸಲೂ ಅವಕಾಶವಿದೆ.

ಬಿಚ್ಚುವುದೇ ಸರಿಯಾದಾಗ

ಹಾಗಾದರೆ ಬಿಚ್ಚುವ ದಾರಿ ಯಾರಿಗೂ ಬೇಡವೇ? ಬೇಕು, ಒಂದು ಸಂದರ್ಭದಲ್ಲಿ ಖಂಡಿತ ಬೇಕು. ಅದೇ ಮಾಡೆಲ್ಲಿನ ಇನ್ನೊಂದು ಗಾಡಿ ನಿಮ್ಮ ಮನೆಯಲ್ಲೇ ಓಡುತ್ತಿದ್ದರೆ. ಆಗ ನೀವೇ ಗಿರಾಕಿ, ನೀವೇ ಅಂಗಡಿ. 9,000ಕ್ಕೆ ಮಾರಬೇಕಾದ ಗೇರ್‌ಬಾಕ್ಸು ನಿಮಗೆ ಹೊರಗೆ ಕೊಂಡರೆ ಬೀಳುವ ಪೂರ್ತಿ ಬೆಲೆಯನ್ನು ಉಳಿಸುತ್ತದೆ. ನಮ್ಮ ಊರಿನ ಪಕ್ಕದ ಹಳ್ಳಿಯಲ್ಲಿ ಎಳನೀರು ಸಾಗಿಸುವ ಅಣ್ಣತಮ್ಮಂದಿರು ಮೂರು ಪಿಕಪ್ಪುಗಳನ್ನು ಇದೇ ರೀತಿ ನಡೆಸುತ್ತಿದ್ದಾರೆ. ಅಂಥವರಿಗೆ ಜಾಗವಿದೆ, ಕೈಕೆಲಸ ಗೊತ್ತಿದೆ, ಹೊರಗಿನ ಗಿರಾಕಿಗಾಗಿ ಕಾಯುವ ಕಷ್ಟವಿಲ್ಲ.

ಅವರೂ ಒಂದು ಗೆರೆ ದಾಟಬಾರದು. ಚಾಸಿಯನ್ನೂ ಎಂಜಿನ್ನನ್ನೂ ಬಿಡಿಯಾಗಿ ಮಾರಬೇಡಿ. ಅವೆರಡರ ಮೇಲೂ ಗಾಡಿಯ ಗುರುತಿನ ನಂಬರಿದೆ. ಒಂದು ಗಾಡಿಯ ಎಂಜಿನ್ನನ್ನು ಇನ್ನೊಂದಕ್ಕೆ ಕೂರಿಸಲು ಆರ್‌ಟಿಓ ಒಪ್ಪಿಗೆ ಬೇಕು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಬಳಕೆ ಮುಗಿದ ವಾಹನಗಳ ನಿಯಮಗಳು ಇನ್ನೊಂದು ಕಟ್ಟು ಹಾಕಿವೆ. ನೋಂದಣಿ ಊರ್ಜಿತವಿಲ್ಲದ, ಪರೀಕ್ಷೆಯಲ್ಲಿ ಅನರ್ಹವಾದ ಅಥವಾ ನೋಂದಣಿ ರದ್ದಾದ ಗಾಡಿಯನ್ನು ಮಾಲೀಕ 180 ದಿನದೊಳಗೆ ಸಂಗ್ರಹ ಕೇಂದ್ರಕ್ಕೋ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೋ ಒಪ್ಪಿಸಬೇಕು. ಟ್ರ್ಯಾಕ್ಟರ್ ಈ ನಿಯಮದಿಂದ ಹೊರಗಿದೆ, ಪಿಕಪ್ ಹೊರಗಿಲ್ಲ. ಹಾಗಾಗಿ ಬೇಕಾದ ಭಾಗ ತೆಗೆದಿಟ್ಟುಕೊಳ್ಳುವವರು ಮೊದಲು ಕೇಂದ್ರಕ್ಕೆ ಫೋನ್ ಮಾಡಿ, "ಇಂತಿಂಥದ್ದು ಇರೋದಿಲ್ಲ, ಆದ್ರೂ ತಗೋತೀರಾ, ಎಷ್ಟು ಕಳೀತೀರಾ" ಎಂದು ಕೇಳಿ ಆಮೇಲೆ ಸ್ಪ್ಯಾನರ್ ಹಿಡಿಯಲಿ. ಅರ್ಧ ಬಿಚ್ಚಿದ ಗಾಡಿಗೆ ದರ ಇಳಿಯುತ್ತದೆ. ಎಂಜಿನ್ ಇಲ್ಲದ್ದಕ್ಕೆ ಪ್ರಮಾಣಪತ್ರ ಸಿಗುವುದೇ ಕಷ್ಟ.

ಬಿಚ್ಚುವಾಗಿನ ಒಂದೆರಡು ಮಾತನ್ನು ನಾನು ಬಹಳ ಕಳಕಳಿಯಿಂದ ಹೇಳಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡದೆ ಗ್ಯಾಸ್ ಕಟ್ಟಿಂಗ್ ಶುರುವಾಗಬಾರದು. ಖಾಲಿ ಟ್ಯಾಂಕಿನೊಳಗಿನ ಆವಿಗೂ ಬೆಂಕಿ ಹತ್ತುತ್ತದೆ. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಬ್ರೇಕ್ ಎಣ್ಣೆ, ಕೂಲೆಂಟ್ ಒಂದೊಂದನ್ನೂ ಬೇರೆ ಬೇರೆ ಡಬ್ಬಕ್ಕೆ ಇಳಿಸಿ, ಹಳೆಯ ಎಣ್ಣೆ ಕೊಳ್ಳುವ ಅಧಿಕೃತರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ. ನಮ್ಮ ಹುಣಸೆ ಮರದಿಂದ ಬೋರ್‌ವೆಲ್ಲಿಗೆ ನಲವತ್ತು ಹೆಜ್ಜೆ. ಹಾಗಿರುವಾಗ ಅಲ್ಲಿ ನೆಲಕ್ಕೆ ಎಣ್ಣೆ ಸುರಿಯುವುದನ್ನು ನೆನೆದರೇ ಮೈ ನಡುಗುತ್ತದೆ. ಬ್ಯಾಟರಿಯ ಒಳಗಿರುವುದು ಸೀಸ ಮತ್ತು ಆಮ್ಲ. ಅದನ್ನು ಒಡೆಯದೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಬ್ಯಾಟರಿ ಅಂಗಡಿಗೇ ಒಪ್ಪಿಸಿ, ತೂಕಕ್ಕೆ ಹಣ ಕೊಡುತ್ತಾರೆ.

ಕೇಂದ್ರಕ್ಕೆ ಒಪ್ಪಿಸುವ ಮುನ್ನ

ಸ್ಕ್ರ್ಯಾಪ್ ಕೇಂದ್ರಗಳ ನಿಯಮಗಳು 2021ರ ಸೆಪ್ಟೆಂಬರಿನಲ್ಲಿ ಬಂದವು. ಪರಿವಾಹನ್ ಜಾಲತಾಣದ ವಿ-ಸ್ಕ್ರ್ಯಾಪ್ ಪುಟದಲ್ಲಿ ನೋಂದಾಯಿತ ಕೇಂದ್ರಗಳ ಪಟ್ಟಿಯಿದೆ. ಬೋರ್ಡಿನ ಮೇಲೆ "ಸರ್ಕಾರಿ ಅನುಮತಿ ಪಡೆದ" ಎಂದು ಬರೆದಿರುವುದನ್ನು ನಂಬಬೇಡಿ, ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿ. ಗಾಡಿ ಯಾವ ರಾಜ್ಯದಲ್ಲಿ ನೋಂದಣಿಯಾಗಿದ್ದರೂ ಯಾವ ರಾಜ್ಯದ ಕೇಂದ್ರಕ್ಕಾದರೂ ಕೊಡಬಹುದು. ಬೆಳಗಾವಿಯವರಿಗೆ ಮಹಾರಾಷ್ಟ್ರದ್ದು, ಕೋಲಾರದವರಿಗೆ ತಮಿಳುನಾಡಿನದು ಹತ್ತಿರವಾದರೆ ಅಲ್ಲಿಗೇ ಕೊಡಿ. ಎರಡು ಮೂರು ಕಡೆ ದರ ಕೇಳಿ. ಕೇಳುವಾಗ ಕಿಲೋ ದರದ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಬೇಕು: ತೂಕ ಯಾರ ವೇಬ್ರಿಡ್ಜಿನಲ್ಲಿ, ಪ್ಲಾಸ್ಟಿಕ್ಕು ರಬ್ಬರಿಗೆಂದು ತೂಕ ಕಳೆಯುತ್ತೀರಾ, ಗಾಡಿ ಸಾಗಿಸುವ ಖರ್ಚು ಯಾರದು. ಒಂದು ಕಡೆ ನಮಗೆ ಕಿಲೋಗೆ 26 ಹೇಳಿದರು. ವಿಚಾರಿಸಿದರೆ ತೂಕದಲ್ಲಿ ಕಾಲುಭಾಗ ಕಳೆಯುತ್ತಿದ್ದರು, ಎಳೆದೊಯ್ಯುವ ಬಾಡಿಗೆಯೂ ನಮ್ಮದೇ.

ಗಾಡಿ ಕದ್ದದ್ದಲ್ಲ, ಕೇಸಿನಲ್ಲಿಲ್ಲ ಎಂದು ಅವರು ಪೊಲೀಸ್ ದಾಖಲೆಗಳಲ್ಲಿ ಪರಿಶೀಲಿಸುತ್ತಾರೆ. ಮೂಲ ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಪ್ಯಾನ್, ಬ್ಯಾಂಕಿನ ವಿವರ ಬೇಕು. ಹಣ ಖಾತೆಗೇ ಬರಲಿ. ಹೊರಡುವ ಮೊದಲು ಫಾಸ್ಟ್ಯಾಗ್ ಇದ್ದರೆ ಮುಚ್ಚಿಸಿ, ವಿಮೆಯ ಅವಧಿ ಇನ್ನೂ ಉಳಿದಿದ್ದರೆ ಕಂಪನಿಗೆ ತಿಳಿಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಉಳಿದಿರುವ ಹಳೆಯ ಕಾಗದಗಳನ್ನೆಲ್ಲ ತೆಗೆದುಕೊಳ್ಳಿ. ಚಾಸಿ ನಂಬರು, ಎಂಜಿನ್ ನಂಬರು ಕಾಣುವಂತೆ, ಗಾಡಿಯ ನಾಲ್ಕೂ ಬದಿ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಕೈಗೆ ಎರಡು ಕಾಗದ ಬರಬೇಕು ಎಂಬುದನ್ನು ಮರೆಯಬೇಡಿ. ಗಾಡಿ ಒಪ್ಪಿಸಿದ್ದಕ್ಕೆ ಸಿಒಡಿ ಒಂದು, ಗಾಡಿ ನಿಜವಾಗಿ ಕತ್ತರಿಸಿದ ಮೇಲೆ ಸ್ಕ್ರ್ಯಾಪ್ ಪ್ರಮಾಣಪತ್ರ ಇನ್ನೊಂದು. ಆಮೇಲೆ ಪರಿವಾಹನ್‌ನಲ್ಲಿ ಗಾಡಿಯ ನಂಬರು ಹಾಕಿ ನೋಂದಣಿ ರದ್ದಾಗಿದೆ ಎಂದು ತೋರಿಸುವವರೆಗೆ ಆಗಾಗ ನೋಡುತ್ತಿರಿ. ತೋರಿಸದಿದ್ದರೆ ಎರಡೂ ಕಾಗದ ಹಿಡಿದು ಆರ್‌ಟಿಓಗೆ ಹೋಗಿ.

ನಮ್ಮ ಗಾಡಿ ಹೊರಟದ್ದು ಒಂದು ಗುರುವಾರ ಬೆಳಿಗ್ಗೆ. ಚಿಕ್ಕಮ್ಮ ಕ್ಯಾಬಿನ್ನಿನಿಂದ ಮೊಟ್ಟೆಗಳನ್ನು ತೆಗೆದು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ಚಿಕ್ಕಪ್ಪ ಕ್ಯಾಬಿನ್ ಮೇಲಿನ ಗ್ರಾಮದೇವತೆಯ ಹೆಸರಿನ ತಗಡಿನ ಬೋರ್ಡನ್ನು ಸ್ಕ್ರೂ ಬಿಚ್ಚಿ ತೆಗೆದಿಟ್ಟುಕೊಂಡರು. ಹತ್ತು ವರ್ಷದ ಹಿಂದೆ ಪಟ್ಟಿ ಬದಲಾಯಿಸಿದಾಗ ಉಳಿದಿದ್ದ ಒಂದು ಹಳೆಯ ಪಟ್ಟಿ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಅದು ಕಮ್ಮಾರರ ಕುಲುಮೆಗೆ ಹೋಗಿ ಕಾಯಿ ಕೊಚ್ಚುವ ಮಚ್ಚಾಗಿ ಬಂತು. ಪ್ರಮಾಣಪತ್ರಗಳು ಬಂದ ಮೇಲೆ ಅವನ್ನು ಪ್ರಿಂಟ್ ಹಾಕಿಸಿ ಊರಿಗೆ ತೆಗೆದುಕೊಂಡು ಹೋದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತರು. ಆರ್‌ಸಿಯ ಜೆರಾಕ್ಸ್ ಪಕ್ಕಕ್ಕಿಟ್ಟು, ಚಾಸಿ ನಂಬರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತಾ ಕೊನೆಯ ಅಂಕಿಯವರೆಗೂ ಹೋಲಿಸಿ ನೋಡಿದರು.